ಬೈಗುಳದ ಹಾಡಿಗೆ ಶಾಲು ಹೊದಿಸಿದ ಮದುವೆ

ಮದರಾಸಿಗೆ ಹೋಗುವುದಾದರೆ ಧನುರ್ಮಾಸದಲ್ಲಿ ಹೋಗಬೇಕು, ಇಲ್ಲವಾದರೆ ಹೋಗಲೇಬಾರದು ಎಂಬುದು ನಮ್ಮ ಮನೆಯ ಹಳೆಯ ತಿಳಿವಳಿಕೆ. ನನ್ನ ಅಣ್ಣ ಮಾತ್ರ ಮಗನ ಮದುವೆಯನ್ನು ಮೇ ತಿಂಗಳ ಕಡುಬೇಸಿಗೆಯಲ್ಲಿ, ಅಗ್ನಿನಕ್ಷತ್ರದ ನಟ್ಟನಡುವೆ ಇಟ್ಟುಕೊಂಡ. ಛತ್ರ ಆಗ ಮಾತ್ರ ಸಿಕ್ಕಿತಂತೆ. ಸಿಗದೆ ಏನು? ಆ ಬಿಸಿಲಿನಲ್ಲಿ ಬುದ್ಧಿ ನೆಟ್ಟಗಿರುವ ಯಾರು ಮದುವೆ ಮಾಡುತ್ತಾರೆ? ಸೋದರತ್ತೆ ಇಲ್ಲದೆ ಶಾಸ್ತ್ರ ನಡೆಯುವುದಿಲ್ಲ ಎಂದು ಅತ್ತಿಗೆ ಫೋನಿನಲ್ಲಿ ಗೋಗರೆದರು. ಹೀಗಾಗಿ ರೇಷ್ಮೆ ಸೀರೆಗಳನ್ನೂ ಗ್ಲೂಕೋಸ್ ಪುಡಿಯನ್ನೂ ಒಂದೇ ಪೆಟ್ಟಿಗೆಗೆ ತುರುಕಿಕೊಂಡು ಮೈಸೂರಿನಿಂದ ಬೆಳಗಿನ ರೈಲು ಹತ್ತಿದೆ.

ಬೆಂಗಳೂರಿನವರೆಗೆ ಬೋಗಿಯಲ್ಲಿ ಹಲ್ಲು ಕಟಕಟಿಸುವ ಚಳಿ. ಕಾಟ್ಪಾಡಿ ದಾಟಿದ ಮೇಲೆ, ಅಂದರೆ ತಂಪು ನಿಜವಾಗಿ ಬೇಕಾದ ಹೊತ್ತಿಗೆ, ಏಸಿ ಕೈಕೊಟ್ಟಿತು. ತಟ್ಟೆಯಲ್ಲಿ ಬಂದ ಉಪ್ಪಿಟ್ಟು ತಣ್ಣಗಿತ್ತು, ಬಾಟಲಿಯ ನೀರು ಬೆಚ್ಚಗಿತ್ತು. ಇದರ ಬಗ್ಗೆ ಸಿಬ್ಬಂದಿಯವರಿಗೆ ಹೇಳಿದರೆ ಅವರು ತುಂಬ ವಿನಯದಿಂದ ತಲೆಯಾಡಿಸಿ ಹೋದರು, ಮತ್ತೆ ಬರಲಿಲ್ಲ.

ಸೆಂಟ್ರಲ್ ಸ್ಟೇಷನ್ನಿನ ಹೊರಗೆ ಕಾಲಿಟ್ಟಾಗ ಗಾಳಿ ಮುಖಕ್ಕೆ ಒದ್ದೆ ಬಟ್ಟೆಯಂತೆ ಅಂಟಿಕೊಂಡಿತು. ಅಡ್ಯಾರಿಗೆ ಮೊಬೈಲು ತೋರಿಸಿದ್ದು ಮುನ್ನೂರು ಚಿಲ್ಲರೆ ರೂಪಾಯಿ. ಬಂದ ಆಟೋದವನು ಐನೂರು ಎಂದ. ಮೆಟ್ರೋ ಕೆಲಸಕ್ಕೆ ಊರೆಲ್ಲ ಅಗೆದಿದ್ದಾರೆ, ಸುತ್ತಿ ಹೋಗಬೇಕು ಎಂಬುದು ಅವನ ವಾದ. ನಾನು ನನ್ನ ಮೈಸೂರು ತಮಿಳಿನಲ್ಲಿ ಅಗೆದದ್ದು ನಾನಲ್ಲ ಎಂದೆ. ದಾರಿಯುದ್ದಕ್ಕೂ ಇಬ್ಬರೂ ವಾದ ಮಾಡಿಕೊಂಡೇ ಹೋದೆವು. ಕೊನೆಗೆ ನಾನೂರಕ್ಕೆ ರಾಜಿಯಾಗಿ, ಇಳಿಯುವಾಗ ಅವನು ನನ್ನ ಪೆಟ್ಟಿಗೆಯನ್ನು ಮೂರನೆಯ ಮಹಡಿಯವರೆಗೆ ಹೊತ್ತು ತಂದಿಟ್ಟ. ಜಗಳ ಆಡಿದವನೇ ಲಿಫ್ಟು ಕೆಟ್ಟಿದ್ದ ಮನೆಗೆ ಪೆಟ್ಟಿಗೆ ಮುಟ್ಟಿಸಿದ್ದು. ಬರಮಾಡಿಕೊಳ್ಳಲು ಕೆಳಗೆ ಬರುತ್ತೇನೆಂದಿದ್ದ ಅಣ್ಣ ಫೋನಿನಲ್ಲಿದ್ದ.

ಅಣ್ಣ ರಾಘು ಕೆಲಸಕ್ಕೆಂದು ಮದರಾಸಿಗೆ ಹೋದವನು ಅಲ್ಲೇ ಬೇರು ಬಿಟ್ಟ. ವೈದೇಹಿ ಅತ್ತಿಗೆಯ ತವರಿನವರು ತಲೆಮಾರುಗಳಿಂದ ಅಲ್ಲೇ ನೆಲೆಸಿದ ವೈಷ್ಣವರು. ಮನೆಮಾತು ಕನ್ನಡವೇ ಆದರೂ ಅದರಲ್ಲಿ ಕನ್ನಡ ಹುಡುಕಬೇಕು. ಮಗ ಶ್ರೀನಿಧಿಗೆ ನಾನು ಹೇಳಿದ್ದೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತದೆ. ಅವನು ಮೆಚ್ಚಿದ ಹುಡುಗಿ ಧಾರಾ, ಸೌಕಾರ್‌ಪೇಟೆಯ ಗುಜರಾತಿ. ಅವಳ ಅಪ್ಪ ರಮಣೀಕ್‌ಭಾಯಿಗೆ ಅಲ್ಲಿ ಸ್ಟೀಲ್ ಪಾತ್ರೆಯ ಅಂಗಡಿ. ಅವರ ತಾಯಿ ಜಮುಬೆನ್ ಸೌರಾಷ್ಟ್ರದಲ್ಲಿ ಹೆಸರಾದ ಜನಪದ ಗಾಯಕಿ. ಮೊಮ್ಮಗಳ ಮದುವೆಯಲ್ಲಿ ಹಾಡುವುದಕ್ಕೆಂದೇ ರೈಲಿನಲ್ಲಿ ಅಷ್ಟು ದೂರದಿಂದ ಬಂದಿದ್ದರು.

ಈ ಸುದ್ದಿ ಅಣ್ಣನ ತಲೆಗೆ ಹತ್ತಿಬಿಟ್ಟಿತ್ತು. ಅವನು ಮೊದಲಿನಿಂದಲೂ ಸಂಗೀತ ಸಭಾ, ಸಂಗೀತ ಕಚೇರಿ ಎಂದು ಅಲೆಯುವವನು. ಬೀಗರ ಮನೆಯಲ್ಲೇ ಒಬ್ಬ ಕಲಾವಿದೆ ಇದ್ದಾರೆಂದರೆ ಬಿಡುತ್ತಾನೆಯೇ? ಮದುವೆಗೆ ಎರಡು ದಿನ ಮುಂಚೆ ಅಡ್ಯಾರಿನ ಒಂದು ಸಣ್ಣ ಹಾಲ್ ಹಿಡಿದು, ಪಿಟೀಲಿಗೂ ಮೃದಂಗಕ್ಕೂ ಜನ ಗೊತ್ತುಮಾಡಿ, ಜಮುಬೆನ್ ಅವರ ಕಾರ್ಯಕ್ರಮ ಇಟ್ಟಿದ್ದ. ನಾನು ತಲುಪಿದ ಮಾರನೆಯ ಸಂಜೆಯೇ ಅದು.

"ಮದ್ವೆ ಹಾಡಿಗೆ ಪಿಟೀಲು ಯಾಕಣ್ಣ?" ಎಂದು ಕೇಳಿದೆ.

"ಪಕ್ಕವಾದ್ಯ ಇಲ್ದೆ ಎಪ್ಪಡಿ ಪದ್ದು? ಅವ್ರು ಎಷ್ಟು ಪೆರಿಯ ಆರ್ಟಿಸ್ಟ್, ತೆರಿಯುಮಾ?" ಎಂದ.

ಸಂಜೆ ಹಾಲ್‌ನಲ್ಲಿ ಅಡ್ಯಾರಿನ ಹಿರಿಯರೆಲ್ಲ ನೆರೆದಿದ್ದರು. ಬಿಳಿ ಪಂಚೆ, ಮಡಿಚಿದ ಅಂಗವಸ್ತ್ರ, ತೊಡೆಯ ಮೇಲೆ ತಾಳಕ್ಕೆ ಸಿದ್ಧವಾದ ಕೈ. ಫ್ಯಾನುಗಳು ತಿರುಗುತ್ತಿದ್ದವು, ಗಾಳಿ ಎಲ್ಲಿಗೆ ಹೋಗುತ್ತಿತ್ತೋ ಗೊತ್ತಿಲ್ಲ. ಜಮುಬೆನ್ ವೇದಿಕೆಗೆ ಬಂದರು. ಎಪ್ಪತ್ತು ದಾಟಿದ ಗಿಡ್ಡ ಹೆಂಗಸು, ಮುಂಗೈಯವರೆಗೆ ಹಚ್ಚೆ, ತಲೆಯ ಮೇಲೆ ಸೆರಗು. ಅಣ್ಣ ಅವರಿಗೆ ಗಂಧದ ಹಾರ ಹಾಕಿ, ಜರಿ ಶಾಲು ಹೊದಿಸಿ, ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಭಾಷಣ ಮಾಡಿದ. ಆ ಸೆಕೆಯಲ್ಲಿ ಶಾಲು! ಶ್ರುತಿಪೆಟ್ಟಿಗೆ ಗುಂಯ್ ಎನ್ನತೊಡಗಿತು. ಜಮುಬೆನ್ ಅದನ್ನು ಜೇನುನೊಣವನ್ನು ನೋಡುವಂತೆ ನೋಡಿದರು.

ಧಾರಾ ನನ್ನ ಪಕ್ಕ ಕೂತು ಗುಜರಾತಿಯನ್ನು ತಮಿಳಿಗೆ ತಿರುಗಿಸಿ ಕಿವಿಯಲ್ಲಿ ಹೇಳುತ್ತಿದ್ದಳು. ಆಗ ತಿಳಿದದ್ದು: ಅಜ್ಜಿ ಹಾಡುತ್ತಿದ್ದುದು ಫಟಾಣಾ. ಹೆಣ್ಣಿನ ಕಡೆಯ ಹೆಂಗಸರು ಗಂಡಿನ ಕಡೆಯವರನ್ನು ಹಾಡಿನಲ್ಲಿ ಬೈಯುವುದು, ಅವರು ಎದ್ದು ತಿರುಗಿ ಬೈಯುವುದು ಅವರ ಮದುವೆಯ ಪದ್ಧತಿ. ನಮ್ಮ ಕಡೆ ಬೀಗರ ಹಾಡು ಇರಲಿಲ್ಲವೇ, ಅದೇ ಜಾತಿ. ಮೊದಲನೆಯ ಹಾಡು ನೇರ ನನ್ನ ಅಣ್ಣನ ಮೇಲೆಯೇ. ವರನ ಅಪ್ಪನ ಹೊಟ್ಟೆ ಧಾನ್ಯದ ವಾಡೆ, ಅದನ್ನು ತುಂಬಿಸಲು ನಮ್ಮ ಮೂರು ಊರಿನ ಜಿಲೇಬಿ ಸಾಲದು, ಈ ಮನುಷ್ಯ ಸೊಸೆಗಾಗಿ ಬಂದನೋ ಊಟಕ್ಕಾಗಿ ಬಂದನೋ ಎಂದು ಅರ್ಥ.

ಅಣ್ಣ ಮುಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ತಾಳ ಹಾಕುತ್ತಿದ್ದ. ಹೊಟ್ಟೆಯ ಸಾಲು ಬಂದಾಗ ಭೇಷ್ ಎಂದ. ಪಿಟೀಲಿನವರು ಆ ಬೈಗುಳವನ್ನು ಇನ್ನೂ ಇಂಪಾಗಿ ಮರಳಿ ನುಡಿಸಿದರು. ನನ್ನ ಹಿಂದೆ ಕೂತಿದ್ದ ಹಿರಿಯರೊಬ್ಬರು ಇದರಲ್ಲಿ ಚೆಂಚುರುಟಿ ರಾಗದ ಛಾಯೆ ಇದೆ ಎಂದರೆ, ಅವರ ಪಕ್ಕದವರು ಇಲ್ಲ ಎಂದು ವಾದಿಸಿದರು. ಎರಡನೆಯ ಹಾಡಿನಲ್ಲಿ ಅತ್ತಿಗೆಯ ಜಿಪುಣತನ ಬಂತು. ಅತ್ತಿಗೆ ಕೈಮುಗಿದರು. ಹಾಡು ಹಾಡಿಗೂ ಜಮುಬೆನ್ ನಿಲ್ಲಿಸಿ ಎದುರಿಗೆ ನೋಡುತ್ತಿದ್ದರು, ಯಾರಾದರೂ ಏನಾದರೂ ಅಂದಾರೆಂದು. ಬರುತ್ತಿದ್ದುದು ಚಪ್ಪಾಳೆ. ಮೂರನೆಯದರ ನಡುವೆ ಅವರು ಬಾಯಿ ಮುಚ್ಚಿದರು. ಶಾಲನ್ನು ತೆಗೆದು ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಟ್ಟು ಎದ್ದೇಬಿಟ್ಟರು. ಆಯಾಸವಾಗಿರಬೇಕು ಎಂದು ಎಲ್ಲರೂ ಮರುಗಿ ಕಾಫಿಗೆ ನಡೆದರು.

"ಅಣ್ಣ, ಅವ್ರು ನಿನ್ನ ಬೈತಿದ್ರು ಕಣೋ," ಎಂದು ಹೇಳಿದೆ.

"ಇರ್ಲಿ ಪದ್ದು. ಭಾವಂ ನೋಡು, ಭಾವಂ," ಎಂದ ಅಣ್ಣ.

ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಅಷ್ಟರಲ್ಲಿ ಧಾರಾ ನನ್ನ ಕೈ ಹಿಡಿದು ಮೂಲೆಗೆ ಎಳೆದುಕೊಂಡು ಹೋದಳು. ಅವಳ ಕಣ್ಣಲ್ಲಿ ನೀರು ನಿಂತಿತ್ತು. "ಅತ್ತೆ, ಮೋಟಿಬಾ ಇನ್ಮೇಲೆ ಹಾಡಲ್ಲ ಅಂತ ಸೊಲ್ಲಿಟ್ಟಾಂಗ," ಎಂದಳು, ತಿಳಿದ ನಾಲ್ಕು ಕನ್ನಡ ಪದಕ್ಕೆ ತಮಿಳು ಬೆರೆಸಿ. ಮೋಟಿಬಾ ಎಂದರೆ ಅಜ್ಜಿ. ನಾಡಿದ್ದು ಮದುವೆಯಲ್ಲೂ ಹಾಡುವುದಿಲ್ಲ, ಇನ್ನು ಎಲ್ಲೂ ಹಾಡುವುದಿಲ್ಲ, ಸಾವಿನ ಮನೆಯಲ್ಲಿ ಹಾಡಿದರೂ ಒಬ್ಬರಾದರೂ ಅಳುತ್ತಾರೆ ಎಂದು ಅಂದರಂತೆ. ಆ ಮನೆಯ ಯಾವ ಹೆಣ್ಣುಮಗಳೂ ಜಮುಬೆನ್ ಹಾಡಿಲ್ಲದೆ ಗಂಡನ ಮನೆಗೆ ಹೋದದ್ದಿಲ್ಲ. ಬಾಯಿ ಬಿಟ್ಟು ಹೇಳದಿದ್ದರೂ ಹುಡುಗಿಗೆ ಅದು ಅಪಶಕುನದಂತೆ ಕಾಣುತ್ತಿತ್ತು. ನೀವು ಬಂದು ಮಾತಾಡಿ ಎಂದು ಅಂಗಲಾಚಿದಳು. ನಾನೇ ಏಕೆ ಎಂದೆ. ಆ ಹಾಲ್‌ನಲ್ಲಿ ಬೈಗುಳ ಕೇಳಿ ಮುಖ ಗಂಟುಹಾಕಿಕೊಂಡು ಕೂತಿದ್ದವರು ನೀವೊಬ್ಬರೇ ಎಂದಳು. ಸೆಕೆಗೆ ಹಾಗಿದ್ದೆ ಎಂದು ಹೇಳಲು ಮನಸ್ಸಾಗಲಿಲ್ಲ.

ಮಾರನೆಯ ಬೆಳಿಗ್ಗೆ ಅಡ್ಯಾರಿನಿಂದ ಬಸ್ಸು ಹಿಡಿದು ಬ್ರಾಡ್‌ವೇಯಲ್ಲಿ ಇಳಿದೆ. ಹೆಂಗಸರಿಗೆ ಆ ಬಸ್ಸು ಪುಕ್ಕಟೆ; ಪುಕ್ಕಟೆಯಾದ್ದರಿಂದ ಊರಿನ ಹೆಂಗಸರೆಲ್ಲ ಅದರಲ್ಲೇ ಇದ್ದರು. ಅಲ್ಲಿಂದ ಸೌಕಾರ್‌ಪೇಟೆಗೆ ನಡೆದೆ. ಆ ಬೀದಿಗಳಲ್ಲಿ ಕೈಗಾಡಿ, ಸ್ಕೂಟರ್, ಹಸು ಮತ್ತು ಮದುವೆಯ ಖರೀದಿಗೆ ಬಂದ ಕುಟುಂಬಗಳು ಒಬ್ಬರಿಗೊಬ್ಬರು ದಾರಿ ಬಿಡದೆ, ಆದರೂ ಹೇಗೋ ಮುಂದೆ ಹೋಗುತ್ತಿದ್ದರು. ಒಂದು ಕೈಗಾಡಿ ನನ್ನ ಕಾಲ ಮೇಲೆ ಹತ್ತಿತು. ಒಂದು ಲೋಟ ಲಸ್ಸಿ ಕುಡಿದೆ. ಚೆನ್ನೈಯಲ್ಲಿ ನನಗೆ ತೃಪ್ತಿ ಕೊಟ್ಟ ಮೊದಲ ವಸ್ತು ಅದು. ಅದರಲ್ಲೂ ಸಕ್ಕರೆ ಹೆಚ್ಚು.

ಜಮುಬೆನ್ ಮನೆಯೊಳಗಿನ ತೂಗುಮಣೆಯ ಮೇಲೆ ಕೂತು ಕಾಲಿನಿಂದ ನೆಲವನ್ನು ಮೆಲ್ಲಗೆ ಒತ್ತುತ್ತಿದ್ದರು. ಪಕ್ಕದಲ್ಲಿ ಗಂಟು ಕಟ್ಟಿಟ್ಟ ಚೀಲ. ಮದುವೆಯ ಮಾರನೆಯ ದಿನದ ರೈಲಿಗೆ ಈಗಲೇ ಸಿದ್ಧ! ನಾನು ಹಿಂದಿಯಲ್ಲಿ ಶುರುಮಾಡಿದೆ, ಅವರದು ಗುಜರಾತಿ ಬೆರೆತ ಹಿಂದಿ, ಸಿಕ್ಕುಬಿದ್ದಲ್ಲೆಲ್ಲ ಧಾರಾ ಬಿಡಿಸಿದಳು. ನಿನ್ನೆ ಎಲ್ಲರೂ ಎಷ್ಟು ಗೌರವ ಕೊಟ್ಟರು ಎಂದೆ. ಗೌರವ ಕೇಳಿ ನಾನು ಬಂದಿದ್ದೆನೇ ಎಂದು ತಿರುಗಿ ಕೇಳಿದರು. ನನಗೂ ರೇಗಿತು. ಬೈದರೆ ಸಿಟ್ಟು ಬರಲಿಲ್ಲ ಎಂದು ಸಿಟ್ಟು ಮಾಡಿಕೊಳ್ಳುವವರನ್ನು ನಾನು ಇವತ್ತೇ ನೋಡಿದ್ದು ಎಂದೆ. ಧಾರಾ ಅದನ್ನು ಹೇಳಲೋ ಬೇಡವೋ ಎಂದು ನೋಡಿ, ಹೇಳಿದಳು. ಅಜ್ಜಿ ಉಯ್ಯಾಲೆ ನಿಲ್ಲಿಸಿ ನನಗೆ ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.

ಅವರು ಹೇಳಿದ ಬದುಕನ್ನು ನಾನು ಇಲ್ಲಿ ನನ್ನ ಮಾತಿನಲ್ಲಿ ಬರೆಯುತ್ತಿದ್ದೇನೆ. ಹುಟ್ಟಿದ್ದು ಕುಂಬಾರರ ಮನೆಯಲ್ಲಿ. ನವರಾತ್ರಿಗೆ ಬೇಕಾದ ತೂತಿನ ಮಡಕೆಗಳನ್ನು ಮನೆಯವರು ಮಾಡುತ್ತಿದ್ದರು, ಒಳಗೆ ದೀಪ ಇಟ್ಟು ಅದರ ಸುತ್ತ ಹೆಂಗಸರು ಹಾಡಿ ಕುಣಿಯುವಾಗ ಈ ಹುಡುಗಿಯ ದನಿ ಎಲ್ಲರಿಗಿಂತ ಮೇಲೆ ಕೇಳುತ್ತಿತ್ತು. ತನ್ನ ಮದುವೆಯಲ್ಲೇ ಹಾಡುವವರು ಒಂದು ಸಾಲು ಬಿಟ್ಟರೆಂದು ಮುಸುಕಿನೊಳಗಿನಿಂದ ಆ ಸಾಲು ಹಾಡಿ ಅತ್ತೆಯಿಂದ ಚಿವುಟಿಸಿಕೊಂಡವರು. ಆ ಮನೆಯಲ್ಲಿ ಓರಗಿತ್ತಿ ಇದ್ದಳು, ಭಾವನ ಹೆಂಡತಿ ರಳಿಯಾತ್. ಅವಳೂ ಹಾಡುಗಾರ್ತಿ. ಸುತ್ತಲಿನ ಯಾವ ಊರಿನಲ್ಲಿ ಮದುವೆಯಾದರೂ ಇವರಿಬ್ಬರಿಗೆ ಕರೆ. ಒಬ್ಬಳು ಹೆಣ್ಣಿನ ಕಡೆ ಕೂರುವಳು, ಇನ್ನೊಬ್ಬಳು ಗಂಡಿನ ಕಡೆ. ಇವಳು ಬೈದರೆ ಅವಳು ಅದನ್ನು ಕೆಳಗೆ ಬೀಳಗೊಡದೆ ಹಿಡಿದು ಎರಡರಷ್ಟು ಮಾಡಿ ಎಸೆಯುವಳು. ಊರು ಬಿದ್ದು ಬಿದ್ದು ನಗುವುದು. ಆಮೇಲೆ ಇಬ್ಬರೂ ಒಂದೇ ಗಾಡಿಯಲ್ಲಿ ಒಂದೇ ಗಂಟಿನ ಲಾಡು ತಿನ್ನುತ್ತ ಮನೆಗೆ ಬರುವರು.

ಕ್ಯಾಸೆಟ್ಟಿನ ಕಾಲ ಬಂತು. ಕಂಪನಿಯವನೊಬ್ಬ ಇವರ ದನಿ ಕೇಳಿ ಹುಡುಕಿಕೊಂಡು ಬಂದ. ಗೋಡೆಗೆಲ್ಲ ಹಾಸಿಗೆ ನೇತುಹಾಕಿದ ಕೋಣೆಯಲ್ಲಿ ಹಾಡಿಸಿದ. ಎರಡು ದನಿ ಇದ್ದರೆ ಕೊಳ್ಳುವವರಿಗೆ ಗೊಂದಲ, ಒಂದು ಸಾಕು ಎಂದ. ರಳಿಯಾತಳ ಉತ್ತರ ಬರಬೇಕಾದ ಕಡೆಯೆಲ್ಲ ಕ್ಲಾರಿಯೊನೆಟ್ ಊದಿಸಿದ. ಆ ಕ್ಯಾಸೆಟ್ಟು ಬಸ್ಸು, ಟ್ರ್ಯಾಕ್ಟರ್, ಚಹದಂಗಡಿಗಳಲ್ಲೆಲ್ಲ ಕೂಗಿತು. ಡಬ್ಬಿಯ ಮೇಲೆ ಇವರ ಪಟ ಬಂತು. ರೇಡಿಯೊ, ಮುಂಬಯಿ, ಕಡಲಾಚೆಯ ಗುಜರಾತಿಗಳ ಊರು, ಎಲ್ಲ ಕಡೆ ಕರೆ ಬಂತು. ಗಂಡ ಟ್ರಕ್ಕಿನ ಕೆಲಸ ಬಿಟ್ಟು ಇವರನ್ನು ಜೀಪಿನಲ್ಲಿ ಊರೂರಿಗೆ ಕರೆದುಕೊಂಡು ಹೋದ. ರಳಿಯಾತ್ ಹಿಟ್ಟಿನ ಗಿರಣಿಯಲ್ಲಿ ನಿಂತು ಆ ಕ್ಯಾಸೆಟ್ಟು ಕೇಳಿದಳಂತೆ. ಮನೆಗೆ ಬಂದು, ಕ್ಲಾರಿಯೊನೆಟ್ ಚೆನ್ನಾಗಿದೆ ಎಂದಷ್ಟೇ ಹೇಳಿದಳು. ಅಲ್ಲಿಂದ ಮುಂದೆ ಮದುವೆಗಳಿಗೆ ಬಂದರೂ ಬಾಯಿ ಬಿಡುತ್ತಿರಲಿಲ್ಲ. ಹಾಗೇ ತೀರಿಕೊಂಡಳು.

"ಅವಳು ಹೋದ ಮೇಲೆ ನನ್ನನ್ನು ಯಾರೂ ಬೈದಿಲ್ಲ," ಎಂದರು ಜಮುಬೆನ್. "ನಾನು ಬೈತೀನಿ, ಅವರು ಮೊಬೈಲ್ ಎತ್ತಿ ಹಿಡೀತಾರೆ. ಒಂದು ಕೈಯಲ್ಲಿ ಎಷ್ಟು ದಿನ ಚಪ್ಪಾಳೆ ತಟ್ಟಲಿ?"

ಹೊಸ ಊರು, ಹೊಸ ಬೀಗರು, ಇಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲ, ಒಬ್ಬರಾದರೂ ಎದುರು ನಿಲ್ಲುತ್ತಾರೆ ಎಂಬ ಆಸೆಯಿಂದ ಅವರು ಬಂದಿದ್ದರು. ನನ್ನ ಅಣ್ಣ ಅದಕ್ಕೇ ಕಲ್ಲು ಹಾಕಿದ್ದ. ಮದುವೆಗೆ ಬರುತ್ತೇನೆ, ಅಕ್ಷತೆ ಹಾಕುತ್ತೇನೆ, ಬಾಯಿ ತೆರೆಯುವುದಿಲ್ಲ ಎಂದು ಖಂಡಿತವಾಗಿ ಹೇಳಿದರು. ನನಗೆ ಕೊಟ್ಟ ಚಹದಲ್ಲಿ ಶುಂಠಿ ಹೆಚ್ಚಾಗಿತ್ತು ಎಂಬುದನ್ನು ಆಗ ಹೇಳಲಿಲ್ಲ.

ಮನೆಗೆ ಬಂದು ಅಣ್ಣ ಅತ್ತಿಗೆಯನ್ನು ಕೂರಿಸಿಕೊಂಡು ವಿಷಯ ಬಿಡಿಸಿ ಹೇಳಿದೆ. ನಾಳೆ ಅವರು ಏನಾದರೂ ಅಂದರೆ ನೀವೂ ಎರಡು ಅನ್ನಬೇಕು ಎಂದೆ. ಅತ್ತಿಗೆ ಕೆನ್ನೆ ಬಡಿದುಕೊಂಡರು, ಅಷ್ಟು ದೊಡ್ಡವರನ್ನು ಬೈದರೆ ಪಾಪ ಬರುತ್ತದೆಂದು. ಅಣ್ಣ ತುಂಬ ಯೋಚಿಸಿ, ಹಾಗಾದರೆ ಇನ್ನೊಂದು ಶಾಲು ಹೊದಿಸೋಣವೇ ಎಂದು ಕೇಳಿದ. ಇಂಥ ಸಭ್ಯರ ಜೊತೆ ಬಾಳುವುದಕ್ಕಿಂತ ಎಣ್ಣೂರಿನ ವಿದ್ಯುತ್ ಸ್ಥಾವರದ ಹೊಗೆ ಕುಡಿಯುವುದೇ ವಾಸಿ ಎಂದು ಗೊಣಗಿಕೊಂಡು ಮಲಗಿದೆ.

ಛತ್ರ ತಾಂಬರಂ ಕಡೆ. ಬೆಳಿಗ್ಗೆ ಕಾರುಗಳಲ್ಲಿ ಜಾಗ ಸಾಲದೆ, ಸೋದರತ್ತೆಯಾದ ನಾನು ಗಿಂಡಿ ಸ್ಟೇಷನ್ನಿನಿಂದ ಎಲೆಕ್ಟ್ರಿಕ್ ರೈಲಿನಲ್ಲಿ ಹೋಗಬೇಕಾಯಿತು. ಟಿಕೆಟ್ಟು ಹತ್ತು ರೂಪಾಯಿಯ ಒಳಗೇ, ನೂಕುನುಗ್ಗಲು ಮಾತ್ರ ಧಾರಾಳ. ಕಾಂಜೀವರಂ ಸೀರೆ ಉಟ್ಟು, ಕೈಯಲ್ಲಿ ಬಾಗಿನದ ತಟ್ಟೆ ಹಿಡಿದು, ಮೀನಿನ ಬುಟ್ಟಿಗೂ ಕಾಲೇಜು ಹುಡುಗಿಯರ ಬೆನ್ನಚೀಲಗಳಿಗೂ ನಡುವೆ ನಿಂತೆ. ಇಳಿಯುವಾಗ ಸೀರೆಯ ನೆರಿಗೆ ಒಂದು ಕಡೆ, ನಾನು ಒಂದು ಕಡೆ. ಛತ್ರದ ಊಟದ ಮನೆಯಲ್ಲಿ ಪೊಂಗಲ್ ಮುಗಿದಿತ್ತು. ಕಾಫಿ ಇತ್ತು, ಡಿಕಾಕ್ಷನ್ ಖಾಲಿಯಾಗಿ ಬರೀ ಬಿಸಿ ಹಾಲು.

ಎರಡು ಪದ್ಧತಿಗಳ ಮದುವೆಯಾದ್ದರಿಂದ ಎರಡು ಬಗೆಯ ಗಲಿಬಿಲಿ ಇತ್ತು. ಬಾಗಿಲಲ್ಲಿ ಹುಡುಗಿಯ ತಾಯಿ ಆರತಿ ಎತ್ತಿ, ಅವರ ಸಂಪ್ರದಾಯದಂತೆ, ಅಳಿಯನ ಮೂಗು ಹಿಡಿಯಲು ಕೈ ಚಾಚಿದರು. ಶ್ರೀನಿಧಿ ಬೆಚ್ಚಿ ಹಿಂದೆ ಸರಿದು ನಾದಸ್ವರದವರ ಕಾಲು ತುಳಿದ. ಅತ್ತಿಗೆ ಮಗನಿಗೆ ಏನೋ ಆಯಿತೆಂದು ನೀರು ತರಲು ಓಡಿದರು. ಸೌಕಾರ್‌ಪೇಟೆಯ ಹೆಂಗಸರು ಮೊಬೈಲು ನೋಡಿಕೊಂಡು ಒಂದು ಫಟಾಣಾ ಶುರುಮಾಡಿದರು. ಅದು ಎರಡನೆಯ ಸಾಲಿಗೇ ಸತ್ತಿತು. ನಮ್ಮವರು ಅದಕ್ಕೂ ಚಪ್ಪಾಳೆ ತಟ್ಟಿದರು. ಜಮುಬೆನ್ ಮುಂದಿನ ಸಾಲಿನಲ್ಲಿ ಸೆರಗಿನ ತುದಿ ಹಿಡಿದು ಕೂತಿದ್ದರು. ಮಣೆಯ ಮೇಲೆ ಕೂತ ಧಾರಾ ಶಾಸ್ತ್ರ ಮಾಡುತ್ತ ಮಾಡುತ್ತ ಅಜ್ಜಿಯ ಕಡೆಗೇ ನೋಡುತ್ತಿದ್ದಳು. ಆ ಮುದುಕಿಯ ಮುಖ ಕಲ್ಲಾಗಿತ್ತು.

ಹೊಟ್ಟೆಯಲ್ಲಿ ಪೊಂಗಲ್ ಇಲ್ಲ, ಕಾಫಿ ಇಲ್ಲ, ಫ್ಯಾನು ನನ್ನ ತಲೆಯ ಮೇಲಿನದೊಂದು ಬಿಟ್ಟು ಉಳಿದೆಲ್ಲ ತಿರುಗುತ್ತಿತ್ತು. ಆ ಹುಡುಗಿಯ ಮುಖ ನೋಡಿ ನನಗೆ ಎಲ್ಲರ ಮೇಲೂ ಒಟ್ಟಿಗೆ ರೇಗಿತು. ಅಣ್ಣನ ಮೇಲೆ, ಅವನ ಶಾಲಿನ ಮೇಲೆ, ಆ ಕ್ಲಾರಿಯೊನೆಟ್ಟಿನವನ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ಹಟ ಹಿಡಿದು ಕೂತ ಈ ಜಮುಬೆನ್ ಮೇಲೆ. ನಾನು ಹಾಡುಗಾರ್ತಿಯಲ್ಲ. ದೇವರ ಮುಂದೆ ಹಾಡಿದರೂ ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುತ್ತಾರೆ. ಆದರೂ ಎದ್ದು ಅವರ ಎದುರಿಗೆ ಹೋಗಿ, ಸೊಂಟದ ಮೇಲೆ ಕೈಯಿಟ್ಟು, ನಮ್ಮ ಅಜ್ಜಿಯಂದಿರು ಬೀಗರ ಹಾಡಿಗೆ ಹಾಕುತ್ತಿದ್ದ ದಾಟಿಯಲ್ಲಿ ಬಾಯಿಗೆ ಬಂದದ್ದು ಹಾಡಿದೆ:

ದೂರದೂರಿಂದ ಬಂದ ದೊಡ್ಡ ಹಾಡುಗಾರ್ತಿ
ದನಿಯ ಎಲ್ಲಿಟ್ಟೆ ಹೇಳವ್ವ
ರೈಲಿನ ಬರ್ತಿನಡಿ ಬಿಟ್ಟು ಬಂದೆಯೇನೆ
ಲಾಡು ಗಂಟಲಿಗೆ ಅಡರಿತೇನೆ

"ಪದ್ದು, ನಿರುತ್ತು, ನಿಲ್ಸು!" ಎಂದು ಅಣ್ಣ ಅಕ್ಷತೆಯ ತಟ್ಟೆ ಹಿಡಿದುಕೊಂಡೇ ಕೂಗಿದ. ಜಮುಬೆನ್ ಮೊಮ್ಮಗಳ ಕಡೆ ತಿರುಗಿ, ಇವಳು ಏನು ಹೇಳುತ್ತಿದ್ದಾಳೆ ಎಂದು ಕೇಳಿದರು. ಧಾರಾಳಿಗೆ ಅಷ್ಟು ಕನ್ನಡ ಎಲ್ಲಿಂದ ಬರಬೇಕು? ಶ್ರೀನಿಧಿ ಅವಳಿಗೆ ತಮಿಳಿನಲ್ಲಿ ಹೇಳಿದ, ಅವಳು ಅಜ್ಜಿಗೆ ಗುಜರಾತಿಯಲ್ಲಿ ಹೇಳಿದಳು. ಮಣೆಯ ಮೇಲೆ ಕೂತ ಮದುಮಕ್ಕಳು ತಾವೇ ಬೈಗುಳ ಸಾಗಿಸುವುದನ್ನು ನಾನು ಬೇರೆಲ್ಲೂ ನೋಡಿಲ್ಲ. ಪುರೋಹಿತರು ಮುಹೂರ್ತ, ಮುಹೂರ್ತ ಎಂದು ಬಡಬಡಿಸಿದರು.

ಜಮುಬೆನ್ ಎದ್ದರು. ಸೆರಗನ್ನು ಹಿಂದಕ್ಕೆ ಎಸೆದು, ಒಂದು ಕೈ ಕಿವಿಗೆ ಒತ್ತಿ ಹಾಡತೊಡಗಿದರು. ಮೊನ್ನೆ ಪಿಟೀಲಿನ ನಡುವೆ ಕೇಳಿದ ದನಿಯಲ್ಲ ಅದು. ಊರ ಹೊರಗಿನ ಬಾವಿಯಿಂದ ಮನೆಗೆ ಕೂಗಿ ಕರೆಯುವ ದನಿ. ಅದು ನನ್ನವರೆಗೆ ಎರಡು ಭಾಷೆ ದಾಟಿ ಬಂತು: ವರನ ಸೋದರತ್ತೆ ಆಟೋದವನ ಜೊತೆ ಜಗಳ ಆಡಿದಳು, ಬಸ್ಸಿನ ಜೊತೆ ಆಡಿದಳು, ಸೂರ್ಯನ ಜೊತೆಯೂ ಆಡಿದಳು, ಇವಳ ಮುಖ ಸುಡುವ ಮೊದಲೇ ಆವಿಗೆಯಿಂದ ತೆಗೆದ ಗಡಿಗೆ, ನೀರು ಹಾಕಿದರೆ ಸೋರುತ್ತದೆ, ಅದಕ್ಕೇ ಇಷ್ಟು ಬೆವರು.

ಆಟೋದ ಸುದ್ದಿ ಇವರಿಗೆ ಯಾರು ಹೇಳಿದರು? ಧಾರಾ ತಲೆ ತಗ್ಗಿಸಿಕೊಂಡಿದ್ದಳು. ನನಗೆ ನಿಜವಾಗಿ ಉರಿಯಿತು. ತಮಾಷೆಗೆ ಅಲ್ಲ, ನಿಜವಾಗಿ. ಅರೆಬೆಂದ ಗಡಿಗೆಯಂತೆ! ನಾನು ತಿರುಗಿ ಅವರ ಗಂಟು ಕಟ್ಟಿದ ಚೀಲದ ಮೇಲೆ, ಶುಂಠಿ ಸುರಿದ ಚಹದ ಮೇಲೆ ಹಾಡಿದೆ. ಅವರು ನನ್ನ ತಾಳದ ಮೇಲೆ ಹಾಡಿದರು. ನಾನು ಉಸಿರು ತೆಗೆದುಕೊಳ್ಳುವಾಗ ಹಿಂದಿನಿಂದ ಒಂದು ದನಿ ಎದ್ದಿತು. ವೈದೇಹಿ ಅತ್ತಿಗೆ! ಅರ್ಧ ತಮಿಳು ಅರ್ಧ ಕನ್ನಡದಲ್ಲಿ, ನನ್ನನ್ನು ಜಿಪುಣಿ ಅಂದಿಯಲ್ಲ, ನಿನ್ನ ಮಗನ ಅಂಗಡಿಯ ಲೋಟಕ್ಕೆ ತಳವೇ ಇಲ್ಲ ಎಂದು ಹಾಡಿಬಿಟ್ಟರು. ಜಿಪುಣತನದ ಆ ಹಾಡಿನ ಮಾತನ್ನು ನಾನು ಅವರಿಗೆ ಹೇಳಿರಲೇ ಇಲ್ಲ; ಅಂದರೆ ಮೊನ್ನೆ ಅವರಿಗೆ ಅರ್ಥವಾಗಿತ್ತು, ಕೈಮುಗಿದುಕೊಂಡೇ ನುಂಗಿದ್ದರು. ನಮ್ಮ ಕಡೆಯ ಹೆಂಗಸರು ಓ ಎಂದು ದನಿಗೂಡಿಸಿದರು. ಸೌಕಾರ್‌ಪೇಟೆಯವರು ಮೊಬೈಲು ಕೆಳಗಿಟ್ಟು ಜಮುಬೆನ್ ಹಿಂದೆ ಬಂದು ನಿಂತರು. ಪುರೋಹಿತರು ತಡೆಯಲಾರದೆ ಗಟ್ಟಿಮೇಳ ಎಂದು ಅರಚಿದರು, ತವಿಲಿನ ಬಡಿತ ನಮ್ಮಿಬ್ಬರನ್ನೂ ಮುಳುಗಿಸಿತು, ಆ ಗದ್ದಲದಲ್ಲೇ ತಾಳಿ ಕಟ್ಟಿದ್ದಾಯಿತು.

ಊಟವಾದ ಮೇಲೆ ಹೆಣ್ಣು ಒಪ್ಪಿಸುವ ಹಾಡು ಹಾಡುವಾಗ ಜಮುಬೆನ್ ದನಿ ಮೇಲಿನ ಸ್ವರದಲ್ಲಿ ಒಡೆಯಿತು. ಅವರು ನಿಲ್ಲಿಸಲಿಲ್ಲ. ಒಡೆದ ದನಿಯಲ್ಲೇ ಮುಗಿಸಿದರು. ಧಾರಾ ಅತ್ತಳು, ಅಣ್ಣ ಅತ್ತ, ನಾನೂ ಅತ್ತೆ. ಅಣ್ಣ ಶಾಲು ತರಲು ಹೊರಟಿದ್ದ, ನಾನು ಅವನ ರಟ್ಟೆ ಹಿಡಿದು ಕೂರಿಸಿದೆ.

ಮಾರನೆಯ ದಿನ ನಮ್ಮಿಬ್ಬರ ರೈಲೂ ಸೆಂಟ್ರಲ್‌ನಿಂದಲೇ. ಅವರದು ಬೆಳಿಗ್ಗೆ, ಅಹಮದಾಬಾದಿನ ಕಡೆ. ತಾಯಿಯನ್ನು ಊರು ಮುಟ್ಟಿಸಲು ರಮಣೀಕ್‌ಭಾಯಿ ಜೊತೆಗಿದ್ದರು. ನನ್ನದು ಮಧ್ಯಾಹ್ನದ ಮೇಲೆ. ಬೀಳ್ಕೊಡಲು ಮುಂಚೆಯೇ ಹೋದೆ. ಜಮುಬೆನ್ ಕಿಟಕಿಯ ಕಂಬಿಯ ಹಿಂದೆ ಕೂತಿದ್ದರು. ರೈಲು ಕದಲಿದ ಮೇಲೆ, ಬೇಕೆಂದೇ ಕದಲಿದ ಮೇಲೆ, ಎರಡು ಸಾಲು ಹಾಡಿದರು. ರಮಣೀಕ್‌ಭಾಯಿ ಬಾಗಿಲಲ್ಲಿ ನಿಂತು ನಗುತ್ತ ತಮಿಳಿನಲ್ಲಿ ಕೂಗಿ ಹೇಳಿದರು: ಮೈಸೂರಿನವಳ ಬಾಯಿ ಮನೆಯ ಅಂಗಳದಲ್ಲಿ ಹುಲಿ, ಸ್ಟೇಷನ್ನಿನಲ್ಲಿ ಇಲಿ. ನಾನು ಪ್ಲಾಟ್‌ಫಾರಮ್ಮಿನಲ್ಲಿ ಬಾಯಿ ತೆರೆದುಕೊಂಡು ನಿಂತೆ. ಒಂದು ಮಾತೂ ಹೊಳೆಯಲಿ ಬೇಡವೇ? ರೈಲು ಹೋಗಿಯೇಬಿಟ್ಟಿತು.

ಕಾಯುವ ಕೋಣೆಯಲ್ಲಿ ಕೂತು ಉತ್ತರ ಹುಡುಕಿದೆ. ಮಧ್ಯಾಹ್ನದ ಮೊಸರನ್ನ ತಿನ್ನುತ್ತ ಹುಡುಕಿದೆ. ಅರಕ್ಕೋಣಂ ಹೋಯಿತು, ಕಾಟ್ಪಾಡಿ ಹೋಯಿತು. ಜೋಲಾರಪೇಟೆ ಬಿಡುವಾಗ ಹೊಳೆಯಿತು. ಕೂಡಲೇ ರಮಣೀಕ್‌ಭಾಯಿಗೆ ಫೋನು ಮಾಡಿ, ಅಮ್ಮನ ಕಿವಿಗೆ ಹಿಡಿಯಿರಿ ಎಂದು ಹೇಳಿ, ತುಂಬಿದ ಬೋಗಿಯಲ್ಲಿ ಹಾಡಿಯೇಬಿಟ್ಟೆ. ರೈಲು ಹೊರಟ ಮೇಲೆ ಬೊಗಳುವ ಧೈರ್ಯ ನಾಯಿಗೂ ಇದೆ ತಾಯಿ, ಇಳಿದು ಬಾ ಎಂಬುದು ಸಾರಾಂಶ; ಅದನ್ನು ಅವರ ಮಗನಿಗೆ ತಮಿಳಿನಲ್ಲಿ ಬಿಡಿಸಿ ಹೇಳಿದೆ. ಎದುರು ಸೀಟಿನ ದಂಪತಿ ಕೈಯಲ್ಲಿದ್ದ ಕಾಫಿ ಮರೆತು ನನ್ನನ್ನೇ ನೋಡುತ್ತಿದ್ದರು.

ಆ ತುದಿಯಲ್ಲಿ ರೈಲಿನ ಸದ್ದು, ರಮಣೀಕ್‌ಭಾಯಿ ಗುಜರಾತಿಯಲ್ಲಿ ಹೇಳುವ ಸದ್ದು. ಅಷ್ಟರಲ್ಲಿ ಜಮುಬೆನ್ ತಾವೇ ಮಾತಾಡಿದರು. ಎರಡನೆಯ ಸಾಲು ಕುಂಟುತ್ತದೆ, ದನಿಯಂತೂ ದೇವರಿಗೇ ಪ್ರೀತಿ ಎಂದು ಹಿಂದಿಯಲ್ಲಿ ಉಗಿದರು. ಆಮೇಲೆ ಮೆಲ್ಲಗೆ, ಮಾಘದಲ್ಲಿ ನಮ್ಮೂರಿನಲ್ಲಿ ಇನ್ನೊಬ್ಬ ಮೊಮ್ಮಗಳ ಮದುವೆ ಇದೆ, ಹಾಡುತ್ತೇನೆಂದು ಈಗಷ್ಟೇ ಊರಿಗೆ ಫೋನಿನಲ್ಲಿ ಹೇಳಿದೆ, ಗಂಡಿನ ಕಡೆ ಕೂರುವವರು ಯಾರೂ ಇಲ್ಲ ಎಂದರು.

"ರಳಿಯಾತಳ ಜಾಗ ಖಾಲಿ ಇದೆ. ಬಂದು ಕೂತ್ಕೋ."

ಒಂದೂವರೆ ದಿನದ ರೈಲು, ಆಮೇಲೆ ಬಸ್ಸು, ಆಮೇಲೆ ಇನ್ನೇನೋ. ಮೊಣಕಾಲು ನೋವು, ಹೊರಗಿನ ನೀರು ಒಗ್ಗುವುದಿಲ್ಲ, ಆ ಮಾಘದ ಚಳಿ ಬೇರೆ. ಎಲ್ಲವನ್ನೂ ಒಂದೊಂದಾಗಿ ಹೇಳಿ, ಗೊಣಗಿ, ಕೊನೆಗೆ ಬರುತ್ತೇನೆ ಎಂದೆ. ಫೋನು ಇಟ್ಟ ಮೇಲೆ ಎದುರು ಸೀಟಿನಾಕೆ ತಡೆಯಲಾರದೆ, ಅಷ್ಟು ದೂರ ಬೈಸಿಕೊಳ್ಳೋದಕ್ಕೆ ಹೋಗ್ತೀರಾ ಎಂದು ಕೇಳಿದರು.

"ಬೈಸಿಕೊಳ್ಳೋದಕ್ಕಲ್ಲ ಕಣ್ರೀ," ಎಂದೆ, "ಬೈಯೋದಕ್ಕೆ."